ಲಂಡನ್ ಮರಿ

ಆ ವರ್ಷ ಕಾಳಿಯಮ್ಮನ ಮಂದೆಯಲ್ಲಿ ಹುಟ್ಟಿದ್ದು ಒಂದೇ ಒಂದು ಗಂಡು ಮರಿ. ಕಪ್ಪು ಮೈ, ಹಣೆಯ ಮೇಲೆ ಉಗುರಿನಷ್ಟು ಬಿಳಿ. ಮೂರನೆಯ ದಿನಕ್ಕೆ ತಾಯಿಕುರಿಯ ಹಾಲು ಬತ್ತಿತು. ಕಾಳಿಯಮ್ಮ ಮರಿಯನ್ನು ಮಡಿಲಿಗೆ ಹಾಕಿಕೊಂಡು, ಬಟ್ಟೆಯ ಬತ್ತಿಯನ್ನು ರಾಗಿಗಂಜಿಯ ತಿಳಿಯಲ್ಲಿ ಅದ್ದಿ ಅದ್ದಿ ಚೀಪಿಸಿದಳು. ಮನೆಯಲ್ಲಿದ್ದದ್ದು ಒಂದು ಹೊತ್ತಿನ ಗಂಜಿ. ತಿಳಿ ಮರಿಗೆ, ಗಟ್ಟಿಯಾದದ್ದು ಗಂಡ ಬೈರಪ್ಪನಿಗೆ. ಅವಳ ಪಾಲಿಗೆ ಮಡಕೆ ತೊಳೆದ ನೀರು.

ಕಾವೇರಿ ದಂಡೆಯಲ್ಲಿದ್ದಾಗ ಅವಳದು ಅರವತ್ತು ತಲೆಯ ಮಂದೆ. ಮೆಟ್ಟೂರಿನಲ್ಲಿ ಅಣೆಕಟ್ಟು ಎದ್ದು ನೀರು ಹಿಂದಕ್ಕೆ ನಿಂತಾಗ ದಂಡೆಯ ಹುಲ್ಲೂ ಮುಳುಗಿತು, ಹಟ್ಟಿಗಳೂ ಮುಳುಗಿದವು. ಪಟ್ಟಾ ಇದ್ದವರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಹುಲ್ಲಿಗೆ ಯಾರ ಹೆಸರಿನಲ್ಲಿ ಪಟ್ಟಾ ಇರುತ್ತದೆ? ಇಪ್ಪತ್ತೆರಡು ಕುರಿಮನೆಗಳು ಅದಿಯಮಾನ್‌ಕೋಟೆಯ ಕಡೆಗೆ ಬಂದು, ಆ ಸೀಮೆಯ ಜಮೀನ್ದಾರ, ಅಂದರೆ ಮಿಟ್ಟಾದಾರ, ಸುಬ್ಬರಾಯಪ್ಪನವರ ಕರಡಿನ ಕೆಳಗೆ ಗುಡಿಸಲು ಹಾಕಿದವು. ಕರಡು ಎಂದರೆ ಕಲ್ಲು ಮತ್ತು ಕುರುಚಲಿನ ಗುಡ್ಡ. ಅಲ್ಲಿ ಕುರಿ ಮೇಯುವುದಕ್ಕಿಂತ ಕುರಿಯ ಕಾಲನ್ನು ಕಲ್ಲು ಮೇಯುವುದೇ ಹೆಚ್ಚು. ಆಡಿ ತಿಂಗಳ ಮಳೆಗೆ ಗೊರಸು ಕೊಳೆತು ಕಾಳಿಯಮ್ಮನ ಟಗರು ಸತ್ತಿತು. ಉಳಿದದ್ದು ಹದಿನಾಲ್ಕು ಹೆಣ್ಣು, ಮತ್ತೆ ಈ ಒಂದು ಗಂಡು. ಇಡೀ ಪಾಳ್ಯದಲ್ಲಿ ಬೆದೆಗೆ ಬಿಡುವ ಟಗರು ಎರಡೇ, ಅವೂ ಹಲ್ಲುದುರಿದವು. ಈ ಮರಿ ಉಳಿದರೆ ಮಂದೆ ಉಂಟು.

ಆದರೆ ಫೆಬ್ರವರಿ ಕೊನೆಗೆ, ಮಾಸಿ ತಿಂಗಳಲ್ಲಿ, ಅದರ ಬಲಗಿವಿ ಕುಯ್ದು ಮಿಟ್ಟಾದಾರರ ಅಂಗಳಕ್ಕೆ ಬಿಡಬೇಕಿತ್ತು. ಅದು ಲಂಡನ್ ಮರಿ.

ಲಂಡನ್ ಮರಿ ಎಂದರೇನೆಂದು ಹೇಳಲು ನನಗಿಂತ ಯೋಗ್ಯನಿಲ್ಲ. ಅದಕ್ಕೆ ಮೇವು ಹಾಕಿ ಬೆಳೆಸಿದವನೇ ನಾನು. ಹೆಸರು ಪೊನ್ನುಸ್ವಾಮಿ, ಅದೇ ಪಾಳ್ಯದ ಗುಂಡಮ್ಮನ ಮಗ. ಕುರಿಮನೆಗಳಲ್ಲಿ ಸೇಲಂ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಹತ್ತಿದಷ್ಟೇ ಬೇಗ ಇಳಿದವನೂ ಹೌದು. ಇಂಟರ್‌ಮೀಡಿಯೆಟ್ ಮುಗಿಯಲಿಲ್ಲ, ನಾನು ಮುಗಿದೆ. ಬಂದ ವಿದ್ಯೆ ಒಂದೇ: ಇನ್ನೊಬ್ಬರ ದನಿ. ಪ್ರಿನ್ಸಿಪಾಲರು ಮೂಗಿನಲ್ಲಿ ಇಂಗ್ಲಿಷ್ ಬಿಡುವುದು, ಹಾಸ್ಟೆಲಿನ ಅಡಿಗೆಯವನು ಸಾರಿಗೆ ನೀರು ಬೆರೆಸುವಾಗ ದೇವರ ನಾಮ ಹೇಳುವುದು, ಎಲ್ಲವೂ ನನ್ನ ಗಂಟಲಿನಲ್ಲಿ ಬಿಡಾರ ಹೂಡಿದ್ದವು. ನನ್ನ ಕೋಣೆಯ ಜೊತೆಗಾರ ಮಿಟ್ಟಾದಾರರ ಒಬ್ಬನೇ ಮಗ ಈಶ್ವರನ್. ಅವನ ದನಿ ಎಲ್ಲಕ್ಕಿಂತ ಸುಲಭ. ಮಾತಿಗೆ ಮುಂಚೆ ಸಣ್ಣಗೆ ಗಂಟಲು ಸರಿ ಮಾಡುವುದು, ಮಾತು ಮುಗಿದ ಮೇಲೆ 'ಕೇಳಿಸ್ತಾ' ಎನ್ನುವುದು. ನಾನು ಅವನನ್ನು ಅವನ ಎದುರಿಗೇ ಅಣಕಿಸಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಒಳ್ಳೆಯ ಹುಡುಗ. ಕಾಲೇಜು ಬಿಟ್ಟ ನನಗೆ ತಿಂಗಳಿಗೆ ಎಂಟು ರೂಪಾಯಿಯ, ಲೆಕ್ಕ ಬರೆಯುವ ಕಣಕ್ಕುಪಿಳ್ಳೆ ಕೆಲಸವನ್ನು ಅವರಪ್ಪನ ಹತ್ತಿರ ಕೊಡಿಸಿದವನೂ ಅವನೇ.

ಈಶ್ವರನ್ ಲಂಡನ್ನಿಗೆ ಹೋಗಿ ಯೂನಿವರ್ಸಿಟಿಯಲ್ಲಿ ಕಾನೂನು ಓದಿ ಬಾರಿಸ್ಟರ್ ಆಗಿ ಬರುವುದೆಂದು ತೀರ್ಮಾನವಾದಾಗ ಸುಬ್ಬರಾಯಪ್ಪನವರು ಪಾಳ್ಯದವರನ್ನೆಲ್ಲ ಅಂಗಳಕ್ಕೆ ಕರೆಸಿದರು. ಇಲ್ಲಿನ ವಕೀಲರಿಗೆ ಸರ್ಕಾರವೆಂದರೆ ಭಯ, ಲಂಡನ್ನಿನಲ್ಲಿ ಓದಿದವನಿಗೆ ಇಲ್ಲ; ನಿಮ್ಮ ಮುಳುಗಿದ ದಂಡೆಯ ವ್ಯಾಜ್ಯವನ್ನು ನನ್ನ ಮಗ ಒಂದು ಕಾಸೂ ಮುಟ್ಟದೆ ವಾದಿಸುತ್ತಾನೆ; ಅವನ ಓದಿಗೆ ನೀವು ಮಂದೆಗೊಂದರಂತೆ ವರ್ಷಕ್ಕೊಂದು ಗಂಡು ಮರಿ ಕೊಡಬೇಕು ಎಂದರು. ಬಾರಿಸ್ಟರು ಏನು ಬಾರಿಸುತ್ತಾನೆ ಎಂದು ಯಾರೋ ಕೇಳಿದ್ದಕ್ಕೆ, ಸರ್ಕಾರದ ಬೆನ್ನು ಬಾರಿಸುತ್ತಾನೆ ಎಂದು ನಾನೇ ಉತ್ತರ ಕೊಟ್ಟೆ. ಎಲ್ಲರೂ ನಕ್ಕರು. ನಗುನಗುತ್ತಲೇ ಒಪ್ಪಿದರು.

ಒಪ್ಪಿಸಲು ಮಿಟ್ಟಾದಾರರು ನಮ್ಮದೇ ಪದ್ಧತಿಯೊಂದನ್ನು ಎರವಲು ಪಡೆದಿದ್ದರು. ನಮ್ಮ ಕುರಿಯವರಲ್ಲಿ, ದೂರ ಹೋದವರು ಸುಖವಾಗಿ ಬರಲಿ ಎಂದು ಒಂದು ಮರಿ ಮೀಸಲಿಟ್ಟು ಅದರ ಬಲಗಿವಿಯ ತುದಿ ಕುಯ್ಯುತ್ತಾರೆ. ಮೊದಲು ಆ ಮನುಷ್ಯನ ಮನೆಯ ಹೆಂಗಸು ಕಿವಿಗೆ ಅರಿಸಿನ ಹಚ್ಚಬೇಕು, ಆಮೇಲೆ ಮರಿಯ ಮನೆಯವಳು ಕುಯ್ಯಬೇಕು. ಅಂಥ ಮರಿಯನ್ನು ಮಾರಬಹುದು. ಇಷ್ಟು ಮಿಟ್ಟಾದಾರರಿಗೆ ಗೊತ್ತಿತ್ತು. ಅವರಪ್ಪ ಸೇಲಂನಲ್ಲಿ ಜವಳಿ ಅಂಗಡಿಯಿಟ್ಟು, ಹರಾಜಿನಲ್ಲಿ ಮಿಟ್ಟಾ ಹಿಡಿದವರು. ಕುರಿಯನ್ನು ಅವರು ಕಂಡದ್ದು ಎಲೆಯ ಮೇಲೆಯೇ. ಹಾಗಾಗಿ ಪದ್ಧತಿಯ ಇನ್ನರ್ಧ ಅವರಿಗೆ ಗೊತ್ತಿರಲಿಲ್ಲ. ಸತ್ತವರ ಹೆಸರಿಗೆ ಬಿಡುವ ಮರಿಗೆ ಎಡಗಿವಿ ಕುಯ್ಯುತ್ತಾರೆ. ಅದನ್ನು ಮಾರುವಂತಿಲ್ಲ, ತಿನ್ನುವಂತಿಲ್ಲ, ಯಾರೂ ಅಡ್ಡಗಟ್ಟಿ ಹೊಡೆಯುವಂತಿಲ್ಲ. ಹುಟ್ಟಿದ ಮಂದೆಯಲ್ಲೇ ಅದು ಮುದಿಯಾಗಬೇಕು. ಹೋದವರು ಒಂದು ವರ್ಷ ಅದರ ಜೊತೆ ಮೇಯುತ್ತಾರಂತೆ. ಆ ಒಂದು ವರ್ಷ ಮಂದೆಯ ಯಾವ ಕುರಿಯ ಕೊರಳಲ್ಲೂ ಗಂಟೆ ಇರಬಾರದು. ಸದ್ದಿಗೆ ಅವರು ಬೆದರುತ್ತಾರಂತೆ.

ಆಗಸ್ಟ್ ತಿಂಗಳಲ್ಲಿ ಇಡೀ ಪಾಳ್ಯ ಮೊರಪ್ಪೂರು ಸ್ಟೇಷನ್ನಿಗೆ ನಡೆದುಹೋಗಿ ಈಶ್ವರನನ್ನು ಮದರಾಸಿನ ರೈಲು ಹತ್ತಿಸಿತು. ಕಾಳಿಯಮ್ಮ ಅವನ ಕೈಗೆ ಹುರಿಗಡಲೆಯ ಗಂಟು ಕೊಟ್ಟಳು. ಅವನು ಗಂಟಲು ಸರಿ ಮಾಡಿಕೊಂಡು, ನಿಮ್ಮ ದಂಡೆ ನನ್ನ ನೆನಪಿನಲ್ಲಿರುತ್ತೆ ಕಾಳವ್ವಾ, ಕೇಳಿಸ್ತಾ, ಎಂದ.

ಅವನ ಕಾಗದ ಬಂದಾಗೆಲ್ಲ ನಾನು ಅಂಗಳದಲ್ಲಿ ನಿಂತು ಓದುತ್ತಿದ್ದೆ. ಬರೀ ಓದಿದರೆ ಏನು ಸ್ವಾರಸ್ಯ? ಅವನ ದನಿಯಲ್ಲೇ ಓದಿದೆ. ಹೆಂಗಸರು ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿ ಕಾಲೇಜಿನ ಫೀಸು ಬೇರೆ, ಬಾರಿಸ್ಟರರ ಸಂಘದ ಫೀಸು ಬೇರೆ. ಸಂಘದಲ್ಲಿ ಇಂತಿಷ್ಟು ಸಲ ಎಲ್ಲರ ಜೊತೆ ಕೂತು ಊಟ ಮಾಡದಿದ್ದರೆ ಬಾರಿಸ್ಟರ್ ಮಾಡುವುದಿಲ್ಲ, ಆ ಊಟಕ್ಕೂ ದುಡ್ಡು. ಹೊರದೇಶದವನಾದ್ದರಿಂದ ಇನ್ನೂ ನೂರು ಪೌಂಡು ಠೇವಣಿ. ಆ ಊರಿನವರಿಗೆ ಅದಿಲ್ಲ. ಓದು ಮುಗಿದರೆ ವಾಪಸು. ಉಂಡರೆ ವಕೀಲನಾಗುವುದಾದರೆ ನಾನು ಇಷ್ಟು ಹೊತ್ತಿಗೆ ಕಲೆಕ್ಟರ್ ಆಗುತ್ತಿದ್ದೆ ಎಂದು ಪಾಳ್ಯದ ಯಜಮಾನ ದೊಡ್ಡಣ್ಣ ಹೇಳಿದ. ಉಣ್ಣೋಕೆ ಇದ್ದಿದ್ರಲ್ವಾ ಎಂದಳು ಕಾಳಿಯಮ್ಮ.

ಒಂದು ಕಾಗದವನ್ನು ಮಾತ್ರ ಅಂಗಳದಲ್ಲಿ ಓದಲಿಲ್ಲ. ಜನವರಿ ಕೊನೆಗೆ ಬಂದದ್ದು. ಮಿಟ್ಟಾದಾರರ ಎದುರು ಓದಿದೆ. ಕೋಣೆಯ ಗೋಡೆಯಲ್ಲಿ ಒಂದು ಪೆಟ್ಟಿಗೆ ಇದೆ, ಅದರ ಬಾಯಿಗೆ ಶಿಲ್ಲಿಂಗ್ ಹಾಕಿದರೆ ಮಾತ್ರ ಗ್ಯಾಸಿನ ಬೆಂಕಿ ಹೊತ್ತಿಕೊಳ್ಳುತ್ತದೆ. ಮೂರು ತಿಂಗಳಿಂದ ಮನೆಯಿಂದ ಹಣ ಬಂದಿಲ್ಲ ಎಂದು ಬರೆದಿದ್ದ. ಮಿಟ್ಟಾದಾರರು ವೀಳ್ಯದೆಲೆಯ ತೊಟ್ಟು ಮುರಿಯುತ್ತ, ದುಂದು ಮಾಡ್ತಾನೆ, ಸ್ವಲ್ಪ ಬುದ್ಧಿ ಬರಲಿ ಎಂದರು. ಅವನು ಹೊರಡುವ ಮೊದಲೇ ಕೊಟ್ಟಿದ್ದ ಮೊದಲ ವರ್ಷದ ಇಪ್ಪತ್ತೆರಡು ಮರಿ ಮೇಚೇರಿ ಸಂತೆಯಲ್ಲಿ ಮಾರಿ ಬಂದ ದುಡ್ಡಿನಲ್ಲಿ ಅರ್ಧವೂ ಹಡಗು ಹತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು. ಆ ಕಾಗದ ಮಡಚಿ ಪೆಟ್ಟಿಗೆಯಲ್ಲಿಟ್ಟೆ.

ಫೆಬ್ರವರಿಯಲ್ಲಿ ತಂತಿ ಬಂತು. ಧರ್ಮಪುರಿ ಅಂಚೆಯವನು ನನ್ನ ಕೈಗೇ ಕೊಟ್ಟ. ಈಶ್ವರನ್ ನ್ಯುಮೋನಿಯಾದಿಂದ ತೀರಿಕೊಂಡರು, ವಿವರ ಪತ್ರದಲ್ಲಿ. ಮಿಟ್ಟಾದಾರರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಓದು ಎಂದರು, ಓದಿದೆ. ಮತ್ತೆ ಓದು ಎಂದರು. ಮೂರನೆಯ ಸಲ ಓದಿದ ಮೇಲೆ ಕಂಬಕ್ಕೆ ಹಣೆಯಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮರಿ ಬಿಡೋದು ಯಾವತ್ತು ಎಂದು ಕೇಳಿದರು. ಇನ್ನು ಎಂಟು ದಿನ ಎಂದೆ.

"ಅಲ್ಲೀಗಂಟ ಬಾಯಿ ಬಿಡಬೇಡ. ಅವನವ್ವಂಗೂ ಹೇಳಬೇಡ" ಎಂದರು.

ಎಂಟು ದಿನ ಎರಡು ವರ್ಷವಾಯಿತು.

ಯಾಕೆ ಒಪ್ಪಿದೆ ಎಂದು ಕೇಳುವಿರಿ. ನನ್ನವ್ವನ ಗುಡಿಸಲು ಮಿಟ್ಟಾದ ನೆಲದಲ್ಲಿತ್ತು, ಅದು ಅರ್ಧ ಕಾರಣ. ಇನ್ನರ್ಧ ಹೇಳಲು ನಾಚಿಕೆಯಾಗುತ್ತದೆ. ಕಾಗದ ಓದುವಾಗ ಇಪ್ಪತ್ತೆರಡು ಮನೆಯವರು ನನ್ನ ಬಾಯನ್ನೇ ನೋಡುತ್ತ ಕೂರುತ್ತಿದ್ದರು. ಅದು ನನಗೆ ರುಚಿ ಹತ್ತಿತ್ತು.

ಕಾಗದಗಳನ್ನು ನಾನೇ ಬರೆದು ನಾನೇ ಓದಿದೆ. ಓದು ಮುಗಿಯಬಾರದು, ಮರಿ ನಿಲ್ಲಬಾರದು. ಆದ್ದರಿಂದ ಸತ್ತವನನ್ನು ಪರೀಕ್ಷೆಯಲ್ಲಿ ಎರಡು ಸಲ ಫೇಲ್ ಮಾಡಿದೆ. ಪಾಪ, ಚಳಿಗೆ ಓದಿದ್ದು ತಲೆಗೆ ಹತ್ತಲ್ಲ ಎಂದು ಪಾಳ್ಯದವರೇ ಸಮಾಧಾನ ಹೇಳಿಕೊಂಡರು. ಕಾಳಿಯಮ್ಮ ಆ ಬೇಸಿಗೆಯೆಲ್ಲ ಕರಿ ಉಣ್ಣೆ ನೂತು, ಬೈರಪ್ಪನ ಕೈಯಲ್ಲಿ ಒಂದು ಕಂಬಳಿ ನೇಯಿಸಿದಳು. ಹಗ್ಗ ಕಟ್ಟಿ, ತನ್ನದೇ ಗಂಟು ಹಾಕಿ, ಲಂಡನ್ನಿಗೆ ಕಳಿಸು ಎಂದು ನನಗೆ ತಂದುಕೊಟ್ಟಳು. ಯಾವ ವಿಳಾಸಕ್ಕೆ ಕಳಿಸಲಿ? ಕಚೇರಿ ಕೋಣೆಯ ಬೀರುವಿನಲ್ಲಿಟ್ಟೆ. ಮುಂದಿನ ಕಾಗದದಲ್ಲಿ, ಕಾಳವ್ವನ ಕಂಬಳಿ ತಲುಪಿತು, ಈಗ ಬೆಚ್ಚಗಿದ್ದೇನೆ, ಕೇಳಿಸ್ತಾ, ಎಂದು ಓದಿದೆ. ಅವಳು ಅಕ್ಕಪಕ್ಕದವರ ಮುಖ ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಅದೇ ದಿನ ಓದುವಾಗ ಕೆಮ್ಮು ಬಂತು. ನಾನು ಬರೆದಿರಲಿಲ್ಲ. ಗಂಟಲು ಸರಿ ಮಾಡುವ ಸಣ್ಣ ಸದ್ದು ತಾನಾಗಿ ಕೆಮ್ಮಾಯಿತು, ಕೆಮ್ಮು ಎದೆಯ ತಳದಿಂದ ಬಂತು. ಕೇಳಿದವರು ನಾನು ಸೊಗಸಾಗಿ ನಟಿಸಿದೆನೆಂದುಕೊಂಡರು. ಮಿಟ್ಟಾದಾರರು ಕಣ್ಣು ಮುಚ್ಚಿ ತಲೆದೂಗುತ್ತ ಕೂತಿದ್ದರು. ಕಾಗದ ಮುಗಿದ ಮೇಲೆ ನನ್ನನ್ನು ಹತ್ತಿರ ಕರೆದು, ಅವನಿಗೆ ಒಳ್ಳೆ ಡಾಕ್ಟರಿಗೆ ತೋರಿಸಿಕೊಳ್ಳೋಕೆ ಬರಿ ಎಂದರು. ನಾನು ಅವರ ಮುಖ ನೋಡಿದೆ. ತಮಾಷೆಯ ಮುಖವಲ್ಲ ಅದು.

ಅಲ್ಲಿಂದ ಮುಂದೆ ಆ ದನಿಯನ್ನು ನಾನು ಕರೆಯಬೇಕಾಗಿರಲಿಲ್ಲ, ಅದೇ ಬರುತ್ತಿತ್ತು. ಬಾವಿಯಲ್ಲಿ ಕೊಡ ಇಳಿಸುವಾಗ, ಎತ್ತಿಗೆ ನೀರು ಎಂದು ಕೂಗುವಾಗ. ಒಮ್ಮೆ ನನ್ನವ್ವ ಗಂಜಿ ಬಡಿಸುತ್ತಿದ್ದವಳು ಕೈ ನಿಲ್ಲಿಸಿ, ಯಾರ್ ಲೇ ಮಾತಾಡಿದ್ದು ಎಂದು ಕೇಳಿದಳು.

ಮಿಟ್ಟಾದಾರರ ಹೆಂಡತಿ ಮುನಿರತ್ನಮ್ಮನವರು ಕಾಗದ ಓದುವಾಗ ಬಾಗಿಲ ಹಿಂದೆ ನಿಂತಿರುತ್ತಿದ್ದರು. ಅವರ ತವರು ಮೇಚೇರಿಯ ಹತ್ತಿರ, ಕುರಿ ಸಾಕಿದ ಮನೆ. ಹೊಸ ಕಾಗದ ಓದಿದ ಮಾರನೆಯ ಮಧ್ಯಾಹ್ನ ನನ್ನನ್ನು ಕಣಜದ ಕೋಣೆಗೆ ಕರೆದು ಇನ್ನೊಂದು ಸಲ ಓದಿಸುತ್ತಿದ್ದರು. ನನ್ನ ಮುಖ ನೋಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಎರಡನೆಯ ವರ್ಷದ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಓದಿ ಮುಗಿಸಿದೆ. ಹೊರಗೆ ಕಡಲೆಕಾಯಿ ಸುಲಿಯುವ ಹೊಸ ಇಂಜಿನ್ನು ದಬ್ ದಬ್ ಎನ್ನುತ್ತಿತ್ತು. ಅವರು ಗೋಡೆಗೇ ಹೇಳಿದಂತೆ ಹೇಳಿದರು:

"ಪೊನ್ನುಸ್ವಾಮಿ, ನನ್ನ ತಂಗಿ ಮಗ ಕೊಲಂಬೋಗೆ ಓಗಿ ಒಂದೇ ವರ್ಸಕ್ಕೆ ಬೇರೆ ತರ ಮಾತಾಡೋಕೆ ಸುರು ಮಾಡಿದ. ಇವನು ಓಗಿ ಎರಡು ವರ್ಸದ ಮೇಲಾಯ್ತು. ರೈಲು ಹತ್ತಿದ ದಿನ ಎಂಗಿತ್ತೋ ಅಂಗೇ ಐತೆ ಮಾತು. ಬೆಳೀಲೇ ಇಲ್ಲ."

ನಾನು ಕಾಗದ ಮಡಚಿ ಎದ್ದೆ. ಬಾಗಿಲ ಹತ್ತಿರ ಹೋದಾಗ, ಇನ್ನೊಂದ್ಸಲ ಓದಿ ಓಗು ಎಂದರು. ಓದಿದೆ.

ಇಷ್ಟಾದ ಮೇಲೆ ಕಾಳಿಯಮ್ಮನ ಮಂದೆಯಲ್ಲಿ ಆ ಒಂದೇ ಗಂಡು ಮರಿ ಹುಟ್ಟಿತು. ಅವಳು ಮಿಟ್ಟಾದಾರರ ಕಾಲಿಗೆ ಬಿದ್ದಳು. ಈ ವರ್ಷ ಬಿಡಿ ಸಾಮಿ, ಮುಂದಿನ ವರ್ಷ ಎರಡು ಕೊಡ್ತೀನಿ ಎಂದಳು. ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು ಅವರು. ಅವಳು ನೇರವಾಗಿ ನನ್ನ ಹತ್ತಿರ ಬಂದಳು. ಅವಳು ನನಗೆ ಸೋದರತ್ತೆಯಾಗಬೇಕು.

"ದೊಡ್ಡೋರು ಆಗಲ್ಲ ಅಂದ್ರು. ಈಶ್ವರಪ್ಪಂಗೆ ಒಂದು ಕಾಯಿತ ಬರಿ ಪೊನ್ನು. ಅವನು ಅಂತೋನಲ್ಲ."

"ಅತ್ತೆ, ಅವನಿಗೆ ಓದೋ ಗಡಿಬಿಡಿ..."

"ಬರಿ ಲೇ. ನಾನ್ ಏಳ್ತೀನಿ, ನೀನ್ ಬರಿ. ನಿನ್ನ ಮಾತು ಸೇರಿಸಬ್ಯಾಡ."

ನಾನು ಹಲಗೆ ತೊಡೆಯ ಮೇಲಿಟ್ಟು ಬರೆದೆ. ಈಶ್ವರಪ್ಪ, ನಾನು ಕಾಳವ್ವ. ಕಂಬಳಿ ಒದ್ಕಂತಾ ಇದೀಯಾ? ಕೆಮ್ಮಿಗೆ ಮೆಣಸು ಬೆಲ್ಲ ತಿನ್ನು. ಒಂದೇ ಗಂಡು ಮರಿ ಐತಪ್ಪ. ಇದೂ ಓಯ್ತಂದ್ರೆ ಮಂದೆ ಓಯ್ತದೆ. ನೀನು ನಿಮ್ಮಪ್ಪಂಗೆ ಒಂದು ಮಾತು ಬರಿ. ನಿನಗೆ ಒಂದೊತ್ತಿನ ಊಟ ಕಡಮೆ ಆದ್ರೆ ಬಂದ ಮ್ಯಾಗೆ ನಾನ್ ಆಕ್ತೀನಿ.

ಹೆಬ್ಬೆಟ್ಟು ಒತ್ತಿಸಿ ತೆಗೆದುಕೊಂಡು ಹೋಗಿ ಬೀರುವಿನಲ್ಲಿ ಕಂಬಳಿಯ ಮೇಲಿಟ್ಟೆ.

ಮಾಸಿಯಲ್ಲಿ ಮರಿ ಬಿಡುವ ದಿನ ಹತ್ತಿರ ಬಂತು. ಉತ್ತರ ಏನು ಬರೆಯಲಿ ಎಂದು ಮಿಟ್ಟಾದಾರರನ್ನು ಕೇಳಿದೆ. ಅವರು ಹಲ್ಲುಕಡ್ಡಿ ಬಾಯಿಂದ ತೆಗೆಯದೆ, ಆಗಲ್ಲ ಅಂತ ಬರಿ, ಮರ್ಯಾದೆಯಾಗಿ ಬರಿ ಎಂದರು. ಮರ್ಯಾದೆಯಾಗಿ ಬರೆದೆ.

ಆ ಬೆಳಿಗ್ಗೆ ಅಂಗಳ ತುಂಬಿತ್ತು. ಇಪ್ಪತ್ತೆರಡು ಮನೆ, ಇಪ್ಪತ್ತೆರಡು ಮರಿ. ಮೇಚೇರಿಗೆ ಹೊಡೆದುಕೊಂಡು ಹೋಗುವ ಆಳುಗಳಾದ ಪೆರುಮಾಳ್ ಮತ್ತು ಕುಪ್ಪಸ್ವಾಮಿ ಕೋಲು ಹಿಡಿದು ಗೋಡೆಗೊರಗಿ ನಿಂತಿದ್ದರು. ಅವರೂ ಕುರಿಮನೆಯವರೇ. ಕಾಳಿಯಮ್ಮ ಮರಿಯನ್ನು ತಬ್ಬಿಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದಳು. ಸೊಂಟದಲ್ಲಿ ಕಿವಿ ಕುಯ್ಯುವ ಸಣ್ಣ ಚಾಕು. ಚಾಕು ತಂದಿದ್ದಳು, ಆದರೆ ಅದು ಬೇಕಾಗುವುದಿಲ್ಲವೆಂಬ ಕಳೆ ಮುಖದಲ್ಲಿತ್ತು. ಲಂಡನ್ನಿನಿಂದ ಉತ್ತರ ಬಂದಿದೆಯಲ್ಲ.

ನಾನು ಗಂಟಲು ಸರಿ ಮಾಡಿಕೊಂಡೆ. ಓದತೊಡಗಿದೆ. ಪೂಜ್ಯ ತಂದೆಯವರಿಗೆ, ಪಾಳ್ಯದ ಎಲ್ಲರಿಗೆ. ಈ ಸಲ ಖಂಡಿತ ಪಾಸಾಗುತ್ತೇನೆ. ಊಟಗಳು ಇನ್ನು ಹನ್ನೆರಡು ಬಾಕಿ. ದನಿ ಸರಾಗವಾಗಿ ಬರುತ್ತಿತ್ತು. ಮಿಟ್ಟಾದಾರರು ಕಣ್ಣು ಮುಚ್ಚಿದರು. ಆಮೇಲೆ ಆ ಸಾಲಿಗೆ ಬಂದೆ.

"ಕಾಳವ್ವಾ, ನಿನ್ನ ಕಾಗದ ತಲುಪಿತು..."

ಅವಳು ಕತ್ತು ಮುಂದೆ ಚಾಚಿದಳು. ಮರಿ ಅವಳ ಬೆರಳು ಚೀಪುತ್ತಿತ್ತು. ಮುಂದಿನ ಮಾತು ಕಣ್ಣಿನ ಎದುರೇ ಇತ್ತು, ನನ್ನದೇ ದುಂಡಗಿನ ಅಕ್ಷರದಲ್ಲಿ. ಅದು ಬಾಯಿಗೆ ಬರಲಿಲ್ಲ. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಬಂದ ಮಾತು ಆ ಹಾಳೆಯಲ್ಲಿ ಇರಲಿಲ್ಲ. ಎರಡು ವರ್ಷದ ಹಿಂದೆ ಮಡಚಿ ಪೆಟ್ಟಿಗೆಯಲ್ಲಿಟ್ಟ ಕಾಗದದಲ್ಲಿತ್ತು.

"ಅಪ್ಪಾ, ಗೋಡೆ ಪೆಟ್ಟಿಗೆಗೆ ಹಾಕಲು ಶಿಲ್ಲಿಂಗ್ ಇಲ್ಲ. ಕಾಲೇಜಿನ ಪುಸ್ತಕಗಳನ್ನು ಕೋಟಿನ ಒಳಗೆ ತುಂಬಿಕೊಂಡು ಮಲಗುತ್ತೇನೆ. ಕಾಲೇಜಿನವರು ಫೀಸು ಕೇಳಿ ಎರಡು ಸಲ ಬರೆದರು. ನಮ್ಮ ಕುರಿಯವರು ಕೊಟ್ಟದ್ದರಲ್ಲಿ ಸ್ವಲ್ಪವಾದರೂ ಕಳಿಸಿ. ಎದೆ ನೋಯುತ್ತದೆ. ಅವ್ವನಿಗೆ ಹೇಳಬೇಡಿ. ಕೇಳಿಸ್ತಾ."

ಮಿಟ್ಟಾದಾರರು ಕಣ್ಣು ಬಿಟ್ಟರು. ಅದೇನ್ಲಾ ಓದ್ತಾ ಇದೀಯ ಎಂದು ಗದರಿದರು. ನಾನು ಓದುತ್ತಿರಲಿಲ್ಲ. ಹಾಳೆ ಕೆಳಗೆ ಬಿದ್ದಿತ್ತು.

ಬಾಗಿಲ ಹಿಂದಿನಿಂದ ಮುನಿರತ್ನಮ್ಮನವರು ಹೊರಗೆ ಬಂದರು. ಕೈಯಲ್ಲಿ ಅರಿಸಿನದ ಬಟ್ಟಲು. ಯಾರನ್ನೂ ನೋಡದೆ ಕಾಳಿಯಮ್ಮನ ಮುಂದೆ ಕುಳಿತರು. ಮರಿಯ ಮುಖವನ್ನು ಎಡಗೈಯಿಂದ ಮೆಲ್ಲಗೆ ತಿರುಗಿಸಿದರು. ಎಡಗಿವಿಗೆ ಅರಿಸಿನ ಹಚ್ಚಿದರು.

ಹೊರಗೆ ಇಂಜಿನ್ನು ದಬ್ ದಬ್ ಎನ್ನುತ್ತಿತ್ತು. ಮಿಟ್ಟಾದಾರರಿಗೆ ಏನು ನಡೆಯಿತೆಂದು ತಿಳಿಯಲಿಲ್ಲ. ಅವರಿಗೆ ಕಂಡದ್ದು ಅರಿಸಿನ, ಕಿವಿ, ಪ್ರತಿ ವರ್ಷದಂತೆ. ಬೇಗ ಆಗ್ಲಿ ಎಂದರು.

ಕಾಳಿಯಮ್ಮ ಆ ಹಳದಿ ಕಿವಿಯನ್ನು ನೋಡಿದಳು. ಮುನಿರತ್ನಮ್ಮನವರ ಮುಖ ನೋಡಿದಳು. ದನಿ ತಗ್ಗಿಸಿ, "ಅಮ್ಮಯ್ಯಾ, ಎಡಗಿವಿ" ಎಂದಳು.

"ಎಡಗಿವಿನೇ ಕಾಳಿಯಮ್ಮ."

ಕಾಳಿಯಮ್ಮ ನನ್ನ ಕಡೆ ತಿರುಗಿದಳು. ಅವಳು ಹೀಗಾಯಿತೇ ಎಂದು ಕೇಳಲಿಲ್ಲ, ಯಾವಾಗ ಎಂದೂ ಕೇಳಲಿಲ್ಲ. "ನನ್ನ ಕಂಬಳಿ ಎಲ್ಲೈತೆ ಪೊನ್ನು?" ಎಂದಳು.

ನಾನು ಕಚೇರಿ ಕೋಣೆಗೆ ಹೋದೆ. ಬೀರು ತೆಗೆದೆ. ಕಂಬಳಿ ತಂದು ಅವಳ ಮುಂದೆ ಇಟ್ಟೆ. ಹಗ್ಗ ಹಾಗೇ ಇತ್ತು, ಅವಳು ಹಾಕಿದ ಗಂಟೂ ಹಾಗೇ ಇತ್ತು. ಮೇಲೆ ಅವಳ ಹೆಬ್ಬೆಟ್ಟಿನ ಕಾಗದ. ಅವಳು ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಿಂದೆ ಕೂತಿದ್ದ ಹೆಂಗಸರಲ್ಲಿ ಯಾರೋ ಸಣ್ಣಗೆ ಅಳಲು ಶುರು ಮಾಡಿದರು. ಅವರು ಅಳುತ್ತಿದ್ದದ್ದು ಮೋಸಹೋದದ್ದಕ್ಕಲ್ಲ, ಸತ್ತ ಹುಡುಗನಿಗೆ. ಎರಡು ವರ್ಷ ಯಾರೂ ಅಳದೆ ಉಳಿದ ಸಾವು ಅದು.

ಆಗ ನಾನು ಮಾತಾಡಿದೆ. ಎಷ್ಟೋ ದಿನಗಳ ಮೇಲೆ ನನ್ನದೇ ದನಿ ಬಂತು. ತೆಳುವಾಗಿತ್ತು, ನನಗೇ ಗುರುತು ಸಿಗಲಿಲ್ಲ. ತಂತಿ ಬಂದ ದಿನ ಹೇಳಿದೆ. ಸತ್ತ ಮೇಲೆ ಎರಡು ವರ್ಷದ ಮರಿಗಳು ಎಲ್ಲಿಗೆ ಹೋದವೆಂದು ಹೇಳಿದೆ. ಠೇವಣಿಯ ನೂರು ಪೌಂಡನ್ನು, ಓದುವವನು ಇಲ್ಲವಾದ್ದರಿಂದ, ಅಲ್ಲಿನವರು ಆ ಬೇಸಿಗೆಯಲ್ಲೇ ವಾಪಸು ಕಳಿಸಿದ್ದರು. ಕೇಳುತ್ತಿದೆಯಲ್ಲ, ಆ ದುಡ್ಡೇ ಈ ಇಂಜಿನ್ನು, ಎಂದೆ.

ದೊಡ್ಡಣ್ಣ ಎದ್ದು ನಿಂತ. ಇಂಜಿನ್ನಿನ ಕಡೆ ಒಮ್ಮೆ, ಮಿಟ್ಟಾದಾರರ ಕಡೆ ಒಮ್ಮೆ ನೋಡಿದ.

"ಲಂಡನ್ನೋರೇ ವಾಪಸ್ ಕೊಟ್ಟವ್ರೆ ಸಾಮಿ" ಎಂದ. "ಅವರು ವೆಳ್ಳೆಕ್ಕಾರರು, ಬಿಳಿ ಜನ. ನಮ್ಮ ಮುಖಾನೂ ಕಂಡೋರಲ್ಲ."

ಮಿಟ್ಟಾದಾರರು ಕೂಗಾಡಿದರು. ನನ್ನನ್ನು ಅನ್ನ ತಿಂದ ಮನೆಗೆ ಕನ್ನ ಹಾಕಿದವನೆಂದರು. ಹೆಂಡತಿಗೆ ಒಳಗೆ ಹೋಗು ಎಂದರು. ಅವರು ಹೋಗಲಿಲ್ಲ. ಕಾಳಿಯಮ್ಮ ಸೊಂಟದ ಚಾಕು ತೆಗೆದು, ಮರಿಯ ಎಡಗಿವಿಯ ತುದಿ ಕುಯ್ದಳು. ಒಂದು ಹನಿ ರಕ್ತ ಅವಳ ಸೀರೆಯ ಮೇಲೆ ಬಿತ್ತು. ಮುನಿರತ್ನಮ್ಮನವರು ಬಟ್ಟಲು ಹಿಡಿದು ಎರಡನೆಯ ಮರಿಯ ಹತ್ತಿರ ಹೋದರು. ಆಮೇಲೆ ಮೂರನೆಯದು. ಇಪ್ಪತ್ತೆರಡು ಮರಿ, ಇಪ್ಪತ್ತೆರಡು ಎಡಗಿವಿ. ಅಷ್ಟು ಹೊತ್ತೂ ಅವರು ಅಳಲಿಲ್ಲ. ಕೊನೆಯ ಮರಿಗೆ ಬಂದಾಗ ಬಟ್ಟಲಿನಲ್ಲಿ ಅರಿಸಿನ ಮುಗಿದಿತ್ತು. ಬೆರಳಿನಲ್ಲಿ ಉಳಿದದ್ದನ್ನೇ ಉಜ್ಜಿದರು.

ಕುಯ್ದದ್ದಾಯಿತಲ್ಲ, ದೊಡ್ಡಿಗೆ ಹೊಡೀರಿ ಎಂದು ಮಿಟ್ಟಾದಾರರು ಆಳುಗಳಿಗೆ ಹೇಳಿದರು. ಪೆರುಮಾಳ್ ಕೋಲನ್ನು ಗೋಡೆಗೆ ಒರಗಿಸಿ ಇಟ್ಟ. ಕುಪ್ಪಸ್ವಾಮಿ ತನ್ನದನ್ನು ಅದರ ಪಕ್ಕ ಇಟ್ಟ.

"ಮುಡಿಯಾದು ಸಾಮಿ, ಆಗಲ್ಲ" ಎಂದ ಪೆರುಮಾಳ್. "ಎಡಗಿವಿ ಮರೀನ ಯಾರೂ ಒಡೆಯಂಗಿಲ್ಲ. ಅದು ಉಟ್ಟಿದ ಮಂದೆಗೇ ಓಗ್ಬೇಕು. ನಿಮ್ಮ ಮಗ ಅದರ ಜತೇಲಿ ಅವ್ನೆ."

ಆಗ ಮಿಟ್ಟಾದಾರರಿಗೆ ಪದ್ಧತಿಯ ಇನ್ನರ್ಧ ಗೊತ್ತಾಯಿತು.

ಕಾಳಿಯಮ್ಮ ಕಂಬಳಿಯ ಗಂಟು ಬಿಚ್ಚಿ, ಮರಿಯನ್ನು ಅದರಲ್ಲಿ ಸುತ್ತಿ ಎತ್ತಿಕೊಂಡು ಅಂಗಳ ದಾಟಿದಳು. ಹಿಂದೆ ಇಪ್ಪತ್ತೊಂದು ಮನೆಗಳು. ನಾನು ಬೀರುವಿನ ಕೀಲಿಯನ್ನು ಮೆಟ್ಟಿಲ ಮೇಲಿಟ್ಟು ಎಲ್ಲರ ಹಿಂದೆ ನಡೆದೆ. ಯಾರೂ ನನ್ನ ಜೊತೆ ಮಾತಾಡಲಿಲ್ಲ. ಇವತ್ತಿಗೂ ಕೆಲವರು ಮಾತಾಡುವುದಿಲ್ಲ.

ಮಾರನೆಯ ವಾರ ಮಿಟ್ಟಾದಾರರು ಕರಡಿನ ಮೇಲೆ ಮೇಯಿಸಕೂಡದೆಂದು ಟಾಂಟಾಂ ಹೊಡೆಸಿದರು. ಕಾವಲಿಗೆ ಪೆರುಮಾಳನನ್ನೇ ಹಾಕಿದರು. ಅಷ್ಟು ಕಡಮೆ ಸಂಬಳಕ್ಕೆ ಬೇರೆ ಯಾರೂ ಸಿಗಲಿಲ್ಲ. ಪಾಳ್ಯದವರು ಕೂತು ಮಾತಾಡಿದರು. ಎಲ್ಲ ಮಂದೆಗಳ ಗಂಟೆಗಳನ್ನೂ ಬಿಚ್ಚಿ ಒಂದು ಗೋಣಿಚೀಲದಲ್ಲಿ ಹಾಕಿ ದೊಡ್ಡಣ್ಣನ ಅಟ್ಟದ ಮೇಲಿಟ್ಟರು. ನನ್ನನ್ನು ಕರೆದು, ದಂಡೆಯ ವಿಷಯವಾಗಿ ಕಲೆಕ್ಟರಿಗೆ ಒಂದು ಅರ್ಜಿ ಬರೆಯಲು ಹೇಳಿದರು. ಕಾಳಿಯಮ್ಮ ಪಕ್ಕದಲ್ಲೇ ಕೂತು, ನಮ್ಮ ಮಾತೇ ಬರಿ, ನಿನ್ನದು ಸೇರಿಸಬ್ಯಾಡ ಎಂದಳು. ಬರೆದೆ. ಉತ್ತರ ಇನ್ನೂ ಬಂದಿಲ್ಲ.

ಮಂದೆಗಳು ದಿನಾ ಕರಡಿಗೆ ಹೋಗುತ್ತವೆ. ದಾರಿ ಮಿಟ್ಟಾದಾರರ ಜಗಲಿಯ ಎದುರಿನಿಂದಲೇ. ಮುಂದೆ ಎಡಗಿವಿ ಮರಿಗಳು, ಅವುಗಳಲ್ಲಿ ಮೊದಲನೆಯದು ಹಣೆಯ ಮೇಲೆ ಬಿಳಿ ಇರುವುದು. ಹಿಂದೆ ನೂರಾರು ಕುರಿ. ಒಂದೂ ಗಂಟೆಯಿಲ್ಲ. ಗೊರಸು ಧೂಳಿಗೆ ತಾಗುವ ಸದ್ದಷ್ಟೇ, ಯಾರೋ ದೂರದಲ್ಲಿ ಪಿಸುಗುಟ್ಟಿದ ಹಾಗೆ. ಮಿಟ್ಟಾದಾರರಿಗೆ ಈಗ ಕಣ್ಣು ಮಂಜು. ಜಗಲಿಯ ಕಂಬಕ್ಕೆ ಹಣೆಯಿಟ್ಟು ನಿಂತಿರುತ್ತಾರೆ. ಸದ್ದು ಹತ್ತಿರ ಬಂದಾಗ ತಲೆ ಎತ್ತಿ, ಯಾರೋ ಅದು ಹೋಗ್ತಾ ಇರೋದು ಎಂದು ಕಾವಲಿನವನನ್ನು ಕೇಳುತ್ತಾರೆ.

ಪೆರುಮಾಳ್ ಎದ್ದು ನಿಂತು, ಟವಲು ಕಂಕುಳಲ್ಲಿಟ್ಟು ಹೇಳುತ್ತಾನೆ:

"ನಿಮ್ಮ ಮಗ, ಸಾಮಿ."